ಮೈಕಿನ ಬಾಯಿ ಯಾರ ಮನೆ ಕಡೆಗೆ?

ಗಡಿನಾಡ ಮೇಷ್ಟ್ರು

ಇದನ್ನು ಬರೆಯಬೇಕಾ ಬೇಡ್ವಾ ಅಂತ ಮೂರು ದಿನ ಯೋಚಿಸಿದೆ. ಬರೆಯುತ್ತೇನೆ, ಬೈದರೂ ಪರವಾಗಿಲ್ಲ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿನ ಊರು. ಹೆಸರು ಬೇಡ. ಒಂದು ದೇವಸ್ಥಾನ, ಒಂದು ಭಜನಾ ಮಂದಿರ, ಒಂದು ದೈವಸ್ಥಾನ, ಎರಡು ಮಸೀದಿ, ಗುಡ್ಡೆಯ ಆಚೆ ಒಂದು ಇಗರ್ಜಿ. ಎಲ್ಲ ಒಂದೂವರೆ ಕಿಲೋಮೀಟರ್ ಒಳಗೆ. ಜನವರಿಯಿಂದ ಏಪ್ರಿಲ್‌ವರೆಗೆ ಮೈಕಿಲ್ಲದ ವಾರ ಇಲ್ಲ. ಮಕ್ಕಳ ಪರೀಕ್ಷೆಯೂ ಅದೇ ಹೊತ್ತಿಗೆ.

ಎರಡು ವರ್ಷದ ಹಿಂದೆ ಮಸೀದಿಯ ಉರೂಸಿನ ಪ್ರವಚನ ರಾತ್ರಿ ಹನ್ನೆರಡು ದಾಟುತ್ತಿತ್ತು. ನನ್ನ ಮಗಳು ಆಗ ಹತ್ತನೇ ಕ್ಲಾಸು. ಪೊಲೀಸಿಗೆ ಕೊಟ್ಟ ದೂರನ್ನು ಬರೆದವನು ನಾನೇ. ಹನ್ನೊಂದು ಸಹಿ ಹಾಕಿಸಿದೆ. ಮರುದಿನ ಸೌಂಡು ಇಳಿಯಿತು. ಏನೋ ಗೆದ್ದೆ ಅಂತ ಅನಿಸಿತ್ತು, ಸುಳ್ಳು ಹೇಳುವುದಿಲ್ಲ.

ಈ ವರ್ಷ ನಮ್ಮ ದೇವಸ್ಥಾನದ ಬ್ರಹ್ಮಕಲಶ, ದೇವರಿಗೆ ಕಲಶಾಭಿಷೇಕ ಮಾಡಿ ಸಾನ್ನಿಧ್ಯ ಹೆಚ್ಚಿಸುವ ಉತ್ಸವ. ಎಂಟು ದಿನ. ನಾನು ಪ್ರಚಾರ ಸಮಿತಿಯಲ್ಲಿ. ರೆಂಜೆ ಮರದ ಮೇಲೆ ಎರಡು ಕೊಳವೆ ಮೈಕು ಕಟ್ಟಿಸಿದವನೂ ನಾನೇ. ಐದನೇ ದಿನ ರಾತ್ರಿ ರಶೀದಿ ಪುಸ್ತಕ ತರಲು ಮನೆಗೆ ಬಂದೆ. ಗಂಟೆ ಹನ್ನೊಂದು ಮುಕ್ಕಾಲು. ಅಮ್ಮನಿಗೆ ಎಂಬತ್ತೊಂದು, ಪಾರ್ಶ್ವವಾಯು ಆಗಿ ಮಲಗಿದಲ್ಲೇ ಇದ್ದಾರೆ. ಎಡಗೈ ಏಳುವುದಿಲ್ಲ. ಬಲಗೈಯಿಂದ ತಲೆದಿಂಬು ಎಳೆದು ಒಂದು ಕಿವಿಗೆ ಒತ್ತಿ ಹಿಡಿದಿದ್ದರು. ಇನ್ನೊಂದು ಕಿವಿ ಹಾಗೇ ಇತ್ತು. ಹೊರಗೆ ದಾನಿಗಳ ಹೆಸರು ಓದುತ್ತಿದ್ದರು. ಆ ಪಟ್ಟಿ ಟೈಪ್ ಮಾಡಿ ಕೊಟ್ಟವನೂ ನಾನೇ.

ಅಂಗಳ ದಾಟುವಾಗ ಫೋನ್ ನಡುಗಿತು. ಆಚೆ ಮನೆಯವರು. ಉರೂಸ್ ಕಮಿಟಿಯಲ್ಲಿ ಇದ್ದವರು. "ಮೇಷ್ಟ್ರೇ, ಮಗಳಿಗೆ ನಾಳೆ ಕೆಮಿಸ್ಟ್ರಿ." ಅಷ್ಟೇ. ನಾನು ಉತ್ತರ ಕೊಡಲಿಲ್ಲ. ನೋಡಿದ್ದೇನೆ ಅಂತ ನೀಲಿ ಗೆರೆ ಅವರಿಗೆ ತೋರಿಸಿರುತ್ತದೆ.

ನನ್ನ ಪ್ರಶ್ನೆ ಕಾನೂನಿನದ್ದಲ್ಲ. ನಿಮ್ಮ ನಿಮ್ಮ ಧರ್ಮ ಇದರ ಬಗ್ಗೆ ಏನು ಹೇಳುತ್ತದೆ? ದೇವರಿಗೆ ಮೈಕು ಬೇಕಾ? "ಅವರದ್ದು ಮೊದಲು ನಿಲ್ಲಿಸಲಿ" ಅಂತ ಮಾತ್ರ ಶುರು ಮಾಡಬೇಡಿ ಮಾರಾಯ್ರೆ.

ಸೀಮೆಯವ

ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಬೇಜಾರು ಮಾಡಬೇಡಿ. ನಮ್ಮ ಬ್ರಹ್ಮಕಲಶ ಹನ್ನೆರಡು ವರ್ಷಕ್ಕೊಮ್ಮೆ. ಮಧೂರಿನಲ್ಲಿ ಗಣಪತಿಗೆ ಅಪ್ಪದ ರಾಶಿ ಹೊದೆಸುವ ಮೂಡಪ್ಪ ಸೇವೆ 1992ರಲ್ಲಿ ಆಗಿತ್ತು, ಮತ್ತೆ ಆಗಿದ್ದು 2025ರಲ್ಲಿ. ಒಂದು ತಲೆಮಾರಿಗೆ ಒಂದು ಸಲ ಬರುವ ಸಂಭ್ರಮಕ್ಕೂ ದಿನಕ್ಕೆ ಐದು ಸಲ, ವರ್ಷಕ್ಕೆ 365 ದಿನ ಕೂಗುವುದಕ್ಕೂ ಒಂದೇ ತಕ್ಕಡಿಯಾ? ನೀವು ಎಂಟು ದಿನಕ್ಕೆ ಇಷ್ಟು ಅಳುತ್ತಿದ್ದೀರಿ. ನಮ್ಮವರಿಗೆ ಮಾತ್ರ ಈ ಪಾಪಪ್ರಜ್ಞೆ ಯಾಕೆ ಅಂತ ನನಗೆ ಅರ್ಥ ಆಗುವುದಿಲ್ಲ.

ಉಪ್ಪಳ ಗೇಟು

ಸೀಮೆಯವರೇ, ಲೆಕ್ಕ ಹಾಕೋಣ. ಒಂದು ಬಾಂಗು, ಅಂದರೆ ನಮಾಜಿಗೆ ಕರೆಯುವ ಕೂಗು, ಹೆಚ್ಚೆಂದರೆ ನಾಲ್ಕು ನಿಮಿಷ. ಐದು ಸಲಕ್ಕೆ ಇಪ್ಪತ್ತು ನಿಮಿಷ. ನಿಮ್ಮ ಎಂಟು ದಿನದಲ್ಲಿ ಎಷ್ಟು ಗಂಟೆ ಆಯಿತು? ಸರಿ, ಬಿಡಿ. ಮೇಷ್ಟ್ರು ಕೇಳಿದ್ದು ಇದಲ್ಲ.

ನಮ್ಮ ಕಡೆಯ ಮಾತು ಹೇಳುತ್ತೇನೆ. ಪ್ರವಾದಿಯವರ ಕಾಲದಲ್ಲಿ ಮೊದಲ ಬಾಂಗು ಕೊಟ್ಟ ಬಿಲಾಲ್ ಹತ್ತಿರ ಇದ್ದಿದ್ದು ಗಂಟಲು ಮಾತ್ರ. ಎತ್ತರದ ಜಾಗಕ್ಕೆ ಹತ್ತಿ ಕೂಗುತ್ತಿದ್ದರು. ಮೈಕು ಬಂದಾಗ ನಮ್ಮಲ್ಲೇ ದೊಡ್ಡ ಜಗಳ ಆಗಿದೆ ಅಂತ ಎಷ್ಟು ಜನಕ್ಕೆ ಗೊತ್ತು? 1960ರ ದಶಕದಲ್ಲಿ ಕೇರಳದ 'ಸಮಸ್ತ' ಅನ್ನುವ ಉಲಮಾಗಳ (ಧರ್ಮಪಂಡಿತರ) ಸಂಘಟನೆ ಒಡೆದು ಇನ್ನೊಂದು ಸಂಘಟನೆ ಹುಟ್ಟಿತು. ಕಾರಣಗಳಲ್ಲಿ ದೊಡ್ಡದು ಇದೇ, ಶುಕ್ರವಾರದ ಜುಮಾ ಖುತುಬಕ್ಕೆ (ಪ್ರವಚನಕ್ಕೆ), ನಮಾಜಿಗೆ ಲೌಡ್‌ಸ್ಪೀಕರ್ ಬಳಸಬಹುದಾ ಬಾರದಾ ಅನ್ನುವುದು. ಬಾರದು ಅಂತ ಹಟ ಹಿಡಿದವರು ಮೌಲವಿಗಳೇ! ಇವತ್ತು ಮೈಕು ಅಂದರೆ ಇಸ್ಲಾಮಿನ ಒಂದು ಅಂಗ ಅನ್ನುವ ಹಾಗೆ ಎರಡೂ ಕಡೆಯವರು ಮಾತಾಡುತ್ತಾರೆ. ನಮ್ಮಜ್ಜನ ಕಾಲದಲ್ಲಿ ಅದು ಪಂಥ ಒಡೆಯುವಷ್ಟು ಅನುಮಾನದ ವಸ್ತು.

ಕುರ್‌ಆನಿನ 17ನೇ ಅಧ್ಯಾಯದ 110ನೇ ವಾಕ್ಯದಲ್ಲಿ ನಮಾಜಿನ ಬಗ್ಗೆ ಹೇಳಿದ್ದು ಉಂಟು. ತೀರಾ ಜೋರೂ ಬೇಡ, ತೀರಾ ಮೆಲ್ಲಗೂ ಬೇಡ, ನಡುವಿನ ದಾರಿ ಹಿಡಿಯಿರಿ ಅಂತ. ಒಂದು ಪ್ರಯಾಣದಲ್ಲಿ ಜೊತೆಗಿದ್ದವರು ಗಟ್ಟಿಯಾಗಿ ತಕ್ಬೀರ್ (ಅಲ್ಲಾಹು ಅಕ್ಬರ್) ಕೂಗಿದಾಗ ಪ್ರವಾದಿಯವರು ತಡೆದ ಹದೀಸು ಬುಖಾರಿ ಸಂಗ್ರಹದಲ್ಲಿದೆ. ನೀವು ಕರೆಯುತ್ತಿರುವವನು ಕಿವುಡನಲ್ಲ, ದೂರದಲ್ಲೂ ಇಲ್ಲ ಅನ್ನುವ ಅರ್ಥ. ಇನ್ನು ಸೌದಿಯಲ್ಲಿ 2021ರಲ್ಲೇ ಹೊರಗಿನ ಮೈಕು ಬಾಂಗು ಮತ್ತು ನಮಾಜು ಶುರುವಾಗುವಾಗಿನ ಇಖಾಮತ್ತಿಗೆ ಮಾತ್ರ, ಅದೂ ಮೂರನೇ ಒಂದು ಭಾಗದ ಸೌಂಡಿನಲ್ಲಿ ಅಂತ ಆದೇಶ ಮಾಡಿದರು. ನಮ್ಮ ಊರಿನ ಅರ್ಧ ಗಂಡಸರು ಗಲ್ಫಲ್ಲಿ ಇದ್ದು ಬಂದವರು. ಅಲ್ಲಿ ತೆಪ್ಪಗೆ ಒಪ್ಪಿಕೊಳ್ಳುತ್ತಾರೆ. ಊರಿಗೆ ಬಂದ ಕೂಡಲೇ ಕಮಿಟಿಗೆ ಹೊಸ ಆಂಪ್ಲಿಫಯರ್ ಸ್ಪಾನ್ಸರ್ ಮಾಡುತ್ತಾರೆ.

ಬಾಂಗನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಪ್ರವಚನ ರಾತ್ರಿ ಒಂದು ಗಂಟೆವರೆಗೆ, ಅದೂ ಪಕ್ಕದ ಜಮಾಅತ್ತಿನ ಪ್ರವಚನಕ್ಕಿಂತ ನಮ್ಮದು ದೂರ ಕೇಳಬೇಕು ಅಂತ ಹಾಕುವುದು, ಅದಕ್ಕೆ ದೀನಿನಲ್ಲಿ (ಧರ್ಮದಲ್ಲಿ) ಯಾವ ಆಧಾರವೂ ಇಲ್ಲ. ಮೇಷ್ಟ್ರು ಆವತ್ತು ದೂರು ಕೊಟ್ಟಿದ್ದು ತಪ್ಪಲ್ಲ. ಕೊಡುವ ಮೊದಲು ಒಮ್ಮೆ ಮನೆಗೆ ಬಂದಿದ್ದರೆ ಒಳ್ಳೆಯದಿತ್ತು, ಅಷ್ಟೇ.

ಕೋರ್ಟು ರಸ್ತೆ

ಕಾನೂನು ಬೇಡ ಅಂದರೂ ಎರಡು ಮಾತು, ಯಾಕೆಂದರೆ ಇಲ್ಲಿ ಎಲ್ಲರೂ ಅದನ್ನು ತಪ್ಪಾಗಿ ಹೇಳುತ್ತಾರೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಲೌಡ್‌ಸ್ಪೀಕರ್ ಇಲ್ಲ. ಮನೆಗಳಿರುವ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಹಬ್ಬ ಹರಿದಿನಕ್ಕೆ ರಾಜ್ಯ ಸರಕಾರ ವರ್ಷಕ್ಕೆ 15 ದಿನದವರೆಗೆ 12 ಗಂಟೆ ತನಕ ಸಡಿಲಿಸಬಹುದು. ಅದು ಆಯಾ ಕಮಿಟಿಗೆ 15 ದಿನ ಅಲ್ಲ! ಪ್ರತಿ ಕಮಿಟಿಯವರೂ ಹಾಗೇ ತಿಳಿದಿದ್ದಾರೆ.

2000ದಲ್ಲೇ ಸುಪ್ರೀಂ ಕೋರ್ಟು ಚೆನ್ನೈಯ ಒಂದು ಚರ್ಚಿನ ಕೇಸಿನಲ್ಲಿ, ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಿ ಅಂತ ಯಾವ ಧರ್ಮವೂ ಹೇಳಿಲ್ಲ ಎಂದಿತು. ದೊಡ್ಡ ತೀರ್ಪು ಬಂದಿದ್ದು 2005ರ ಜುಲೈ 18ಕ್ಕೆ. ಆ ಕೇಸು ಹುಟ್ಟಿದ್ದು ಹೇಗೆ ಅಂತ ಗೊತ್ತಿದ್ದವರು ಕಡಿಮೆ. ಹದಿಮೂರು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಆಗುವಾಗ ಅವಳ ಕೂಗು ಅಕ್ಕಪಕ್ಕದ ಲೌಡ್‌ಸ್ಪೀಕರ್ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ ಅನ್ನುವ ಪತ್ರಿಕಾ ವರದಿ ಹಿಡಿದುಕೊಂಡು ಒಬ್ಬರು ಅರ್ಜಿ ಹಾಕಿದ್ದರು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಕೂಡ ಲೌಡ್‌ಸ್ಪೀಕರ್ ಯಾವ ಧರ್ಮಕ್ಕೂ ಅತ್ಯಗತ್ಯ ಭಾಗ ಅಲ್ಲ ಎಂದಿದೆ.

ಕಾನೂನು ಪೂರ್ತಿ ಇದೆ. ಜಾರಿ ಮಾಡಲು ಹೋಗುವ ಪೊಲೀಸಿನವನಿಗೆ ಮರುದಿನ ಎರಡು ಪಕ್ಷದಿಂದ ಫೋನು ಬರುತ್ತದೆ.

ತಂತ್ರದ ಮನೆ

ನಲವತ್ತು ವರ್ಷ ಪೂಜೆ ಮಾಡಿ ಈಗ ಸೊಂಟ ಹಿಡಿದು ಕೂತಿರುವವನು ನಾನು. ಫೋನಿನಲ್ಲಿ ಟೈಪ್ ಮಾಡಲು ಮೊಮ್ಮಗ ಕಲಿಸಿದ್ದಾನೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ಮನುಸ್ಮೃತಿಯ ಉಳಿದ ವಿಷಯ ಏನೇ ಇರಲಿ, ಎರಡನೇ ಅಧ್ಯಾಯದಲ್ಲಿ ಜಪದ ಲೆಕ್ಕ ಒಂದು ಬರುತ್ತದೆ. ವಿಧಿಯಜ್ಞಕ್ಕಿಂತ ಜಪ ಹತ್ತು ಪಾಲು ಮೇಲು. ತುಟಿ ಮಾತ್ರ ಅಲ್ಲಾಡುವ ಉಪಾಂಶು ನೂರು ಪಾಲು. ಮನಸ್ಸಿನಲ್ಲೇ ಮಾಡಿದರೆ ಸಾವಿರ ಪಾಲು. ಅಂದರೆ ಸದ್ದು ಇಳಿದ ಹಾಗೆ ಫಲ ಏರುತ್ತದೆ. ಇದು ನನ್ನ ಆಧುನಿಕ ವ್ಯಾಖ್ಯಾನ ಅಲ್ಲ, ಬಾಲ್ಯದಲ್ಲಿ ಉಪನಯನ ಆದಾಗಲೇ ಹೇಳಿಕೊಟ್ಟಿದ್ದು.

ಬ್ರಹ್ಮಕಲಶದಲ್ಲಿ ಪ್ರತಿಷ್ಠೆ ಹೊತ್ತಿಗೆ ಏನಾಗುತ್ತದೆ ಅಂತ ನೋಡಿದ್ದೀರಲ್ಲ. ಬಾಗಿಲು ಹಾಕಿರುತ್ತದೆ. ಒಳಗೆ ತಂತ್ರಿಗಳು ಮೂಲಮಂತ್ರ ಹೇಳುವುದು ಪಕ್ಕದಲ್ಲಿ ನಿಂತ ನಮಗೂ ಕೇಳುವುದಿಲ್ಲ. ಕೇಳಬಾರದು. ಇಡೀ ಎಂಟು ದಿನದ ಕಾರ್ಯಕ್ರಮದಲ್ಲಿ ಅತಿ ಮುಖ್ಯ ಗಳಿಗೆ ಅದೇ. ಅದು ನಿಶ್ಶಬ್ದ. ಹೊರಗೆ ಅದೇ ಹೊತ್ತಿಗೆ ರೆಂಜೆ ಮರದ ಮೇಲಿನಿಂದ "ಪಾರ್ಕಿಂಗ್ ಜಾಗದಲ್ಲಿ ಬಿಳಿ ಕಾರು ಅಡ್ಡ ನಿಂತಿದೆ" ಅಂತ.

ಗಂಟೆ, ಶಂಖ, ಚೆಂಡೆ ಬೇಕು. ಗಂಟೆಗೆ ಶ್ಲೋಕವೇ ಇದೆ, ದೇವತೆಗಳು ಬರಲಿ, ರಾಕ್ಷಸರು ಹೋಗಲಿ ಅಂತ. ಆದರೆ ಗಂಟೆಯ ಸದ್ದು ಒಬ್ಬ ಮನುಷ್ಯನ ಕೈಗೆ ಸುಸ್ತಾಗುವವರೆಗೆ ಮಾತ್ರ. ವಯರಿಗೆ ಸುಸ್ತು ಅಂತ ಇಲ್ಲ. ತೊಂದರೆ ಇರುವುದೇ ಅಲ್ಲಿ.

ಮೈಕು ದೇವರ ಕಿವಿಗೆ ಅಲ್ಲ. ಐದು ಸಾವಿರ ಕೊಟ್ಟವರ ಕಿವಿಗೆ.

ಸೀಮೆಯವ

ಭಟ್ರೇ, ಗೌರವದಿಂದಲೇ ಹೇಳುತ್ತೇನೆ. ಐದು ಸಾವಿರ ಕೊಟ್ಟವರು ಇಲ್ಲದಿದ್ದರೆ ತಾಮ್ರದ ಮಾಡು ಹೊದೆಸುತ್ತಿದ್ದವರು ಯಾರು? ದೇವಸ್ವಂ ಬೋರ್ಡಾ?

ತಂತ್ರದ ಮನೆ

ಅದೂ ನಿಜವೇ.

ಬೇಳದ ಕೊಂಕಣಿ

ನಮ್ಮದು ಬೇಳ. ಶೋಕಮಾತೆಯ ಇಗರ್ಜಿ ಗೊತ್ತಿರಬಹುದು, 1890ರದ್ದು. ಗಂಟೆ ಇದೆ, ಅದಕ್ಕೆ ಯಾರೂ ತಕರಾರು ಮಾಡಿದ್ದು ನನಗೆ ನೆನಪಿಲ್ಲ.

ಭಟ್ರು ಹೇಳಿದ್ದು ಓದಿ ಒಂದು ನೆನಪಾಯಿತು. ನಮ್ಮಲ್ಲಿ ಪವಿತ್ರ ಗುರುವಾರದ ಪೂಜೆಯಲ್ಲಿ ಒಮ್ಮೆ ಗಂಟೆ ಬಾರಿಸಿದರೆ ಮತ್ತೆ ಬಾರಿಸುವುದು ಈಸ್ಟರ್ ರಾತ್ರಿಯ ಪೂಜೆಯಲ್ಲೇ. ನಡುವೆ ಶುಭ ಶುಕ್ರವಾರ ಗಂಟೆ ಇಲ್ಲ, ಮರದ ಹಲಗೆಯ ಕಟಕಟ ಸದ್ದು ಮಾತ್ರ. ಸಣ್ಣವಳಿದ್ದಾಗ ಆ ಕಟಕಟ ನನಗೆ ಹೆದರಿಕೆ. ಅಜ್ಜಿ ಹೇಳುತ್ತಿದ್ದರು, ಗಂಟೆ ದುಃಖದಲ್ಲಿದೆ ಬಾಯೆ, ಮಾತಾಡುವುದಿಲ್ಲ ಅಂತ. ಇಡೀ ವರ್ಷದಲ್ಲಿ ನನಗೆ ಇಗರ್ಜಿ ಅಂದರೆ ಆ ಎರಡು ದಿನವೇ ಜಾಸ್ತಿ ನೆನಪು. ಗದ್ದಲದ ಹಬ್ಬ ಯಾವುದೂ ಅಷ್ಟು ಉಳಿದಿಲ್ಲ.

ಮತ್ತಾಯನ 6ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಹೇಳಿದ್ದು ಇದಕ್ಕೆ ಸರಿಯಾಗಿದೆ, ಬೀದಿ ಮೂಲೆಯಲ್ಲಿ ನಿಂತು ಜನರಿಗೆ ಕಾಣುವ ಹಾಗೆ ಪ್ರಾರ್ಥಿಸಬೇಡಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಅಂತ. ಅದನ್ನು ಓದಿಯೂ ನಾವು ಡಿಸೆಂಬರಿನಲ್ಲಿ ಪಿಕಪ್ಪಿಗೆ ಬಾಕ್ಸ್ ಕಟ್ಟಿಕೊಂಡು ರಾತ್ರಿ ಹನ್ನೊಂದಕ್ಕೆ ಕ್ಯಾರಲ್ ಹಾಡುತ್ತಾ ಮನೆ ಮನೆಗೆ ಹೋಗುತ್ತೇವೆ. ಬೇರೆಯವರ ಓಣಿಯಲ್ಲೂ! ಕೇಕು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಮ್ಮ ಲೆಕ್ಕ. ಹೋಗುತ್ತಾ ಇಲ್ವಾ ಗೊತ್ತಿಲ್ಲ, ಕೇಳಿಲ್ಲ ಯಾವತ್ತೂ.

ಚೌಕಿ ಬಾಗಿಲು

ಎಲ್ಲರೂ ಸಂತರಾಗುತ್ತಿದ್ದೀರಿ, ಯಕ್ಷಗಾನ ಆಟದ ಗತಿ ಏನು?

ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ನಮ್ಮ ಕುಂಬಳೆ. ಯಕ್ಷಗಾನ ಇಲ್ಲಿಯ ಮಣ್ಣಿನದ್ದು. ಇಡೀ ರಾತ್ರಿ ನಡೆದು ಬೆಳಗಿನ ಜಾವ ಮುಗಿಯಬೇಕು, ಹರಕೆ ಆಟಕ್ಕೆ ಅದೇ ಕ್ರಮ. ಗಡಿಯಾಚೆ 2022ರಲ್ಲಿ ಕಟೀಲು ಮೇಳ ಕಾಲಮಿತಿಗೆ ಬಂದಾಗ ಎಷ್ಟು ಗಲಾಟೆ ಆಯಿತು ನೆನಪಿದೆಯಾ. ಕೋರ್ಟಿಗೂ ಹೋಯಿತು. ಹತ್ತು ಗಂಟೆಗೆ ಮೈಕು ಬಂದ್ ಅಂದರೆ ದೇವಿಮಹಾತ್ಮೆಯಲ್ಲಿ ಮಹಿಷಾಸುರ ಬರುವ ಮೊದಲೇ ಮಂಗಳ ಹಾಡಬೇಕು.

ಮೈಕಿಲ್ಲದ ಕಾಲದಲ್ಲೂ ಆಟ ನಡೆಯುತ್ತಿತ್ತು, ನಿಜ. ಆಗಿನ ಭಾಗವತರ ಗಂಟಲೇ ಬೇರೆ. ಜನ ರಂಗಸ್ಥಳದ ಸುತ್ತ ಒತ್ತಿಕೊಂಡು ಕೂರುತ್ತಿದ್ದರು. ಈಗ ಮುಂದಿನ ಇಪ್ಪತ್ತು ಕುರ್ಚಿಯಲ್ಲಿ ಜನ, ಉಳಿದವರು ಚರುಂಬುರಿ ಅಂಗಡಿ ಹತ್ತಿರ. ಅವರಿಗೆ ಕೇಳಲಿ ಅಂತ ಊರಿಗೆಲ್ಲ ಕೇಳಿಸುತ್ತೇವೆ. ಅದು ನಮ್ಮ ತಪ್ಪು ಅಂತ ಒಪ್ಪುತ್ತೇನೆ. ಆದರೆ ಚೆಂಡೆಗೆ ಡೆಸಿಬಲ್ ಮೀಟರ್ ಹಿಡಿಯಲು ಬಂದರೆ ನಾನು ಜಗಳಕ್ಕೆ ಸಿದ್ಧ.

ಕನ್ನಡ ಮೀಡಿಯಂ

ನನ್ನದು ಸ್ವಲ್ಪ ಅಡ್ಡ ಮಾತು, ತಪ್ಪು ತಿಳಿಯಬೇಡಿ.

ನನಗೆ ಆ ಮೈಕು ಬೇಕು. ದೇವರಿಗಾಗಿ ಅಲ್ಲ, ನಾನು ದೇವಸ್ಥಾನಕ್ಕೆ ಹೋಗುವುದೇ ಕಡಿಮೆ. 1956ರ ನವೆಂಬರ್ 1ಕ್ಕೆ ಆಚೆ ಕನ್ನಡದವರು ಒಂದಾದರು, ನಾವು ಈಚೆ ಕೇರಳದಲ್ಲಿ ಉಳಿದೆವು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಎಂದಿತು, ವರದಿ ಕಪಾಟಿಗೆ ಹೋಯಿತು. ಇವತ್ತು ನಮ್ಮ ಪೇಟೆಯಲ್ಲಿ ಬಸ್ಸಿನ ಬೋರ್ಡು ಮಲೆಯಾಳ, ಆಸ್ಪತ್ರೆ ಚೀಟಿ ಮಲೆಯಾಳ, ಅಂಗಡಿಯಲ್ಲಿ ಮಾತು ಮಲೆಯಾಳ. ಬಯಲಿನಲ್ಲಿ, ಗಟ್ಟಿಯಾಗಿ, ಯಾರ ಅಪ್ಪಣೆಯೂ ಇಲ್ಲದೆ ಕನ್ನಡ ಕೇಳುವುದು ಎರಡೇ ಜಾಗದಲ್ಲಿ. ಒಂದು ಶಾಲೆಯ ಅಸೆಂಬ್ಲಿ, ಇನ್ನೊಂದು ಜಾತ್ರೆಯ ಮೈಕು. "ಭಕ್ತಾದಿಗಳು ಸರತಿ ಸಾಲಿನಲ್ಲಿ ಬಂದು ಅನ್ನಪ್ರಸಾದ ಸ್ವೀಕರಿಸಬೇಕಾಗಿ ವಿನಂತಿ" ಅನ್ನುವ ಆ ಒಣ ವಾಕ್ಯ ಗುಡ್ಡೆಯ ಮೇಲಿಂದ ತೇಲಿ ಬಂದಾಗ ನನಗೆ ಗಂಟಲು ಕಟ್ಟುತ್ತದೆ. ನಗಬೇಡಿ. ಬೆಂಗಳೂರಲ್ಲಿ ಕೂತವರಿಗೆ ಇದು ಅರ್ಥ ಆಗುವುದಿಲ್ಲ.

ಉಪ್ಪಳ ಗೇಟು

ನಗುವುದಿಲ್ಲ. ನಮ್ಮ ಮನೆ ಮಾತು ಬ್ಯಾರಿ, ಓದಿದ್ದು ಕನ್ನಡ, ಮಸೀದಿಯಲ್ಲಿ ಕೇಳುವುದು ಅರಬಿ, ಪ್ರವಚನ ಮಲೆಯಾಳ. ನನಗೆ ನನ್ನ ಭಾಷೆಯಲ್ಲಿ ಒಂದು ಮೈಕೂ ಇಲ್ಲ. 😀

ಆದರೆ ನೀವು ಹೇಳಿದ್ದನ್ನೇ ಸ್ವಲ್ಪ ಮುಂದಕ್ಕೆ ಒಯ್ಯಿರಿ. ನಮ್ಮಲ್ಲಿ ಬಾಂಗಿನ ಸೌಂಡು ಇಳಿಸಿ ಅಂದಾಗ ಹಳಬರಿಗೆ ನೋವಾಗುವುದೂ ಇದೇ ಕಾರಣಕ್ಕೆ. ಇಲ್ಲಿ ನಾವೂ ಇದ್ದೇವೆ ಅಂತ ಗಾಳಿಯಲ್ಲಿ ಒಂದು ಗುರುತು. ಯಾರೂ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ಧರ್ಮದ ಹೆಸರು ಹೇಳುತ್ತಾರೆ.

ಜಾಗೃತ

ಎಲ್ಲ ಬುದ್ಧಿಜೀವಿಗಳ ನಾಟಕ. 2022ರಲ್ಲಿ ಕರ್ನಾಟಕದಲ್ಲಿ ಬಾಂಗಿನ ಹೊತ್ತಿಗೆ ಹನುಮಾನ್ ಚಾಲೀಸಾ ಹಾಕಿದ ಹಾಗೆ ಇಲ್ಲೂ ಹಾಕಿದರೆ ತಾನಾಗಿ ಸರಿಹೋಗುತ್ತದೆ.

ತಂತ್ರದ ಮನೆ

ಹನುಮಂತನನ್ನು ಜಗಳಕ್ಕೆ ಬಾಡಿಗೆಗೆ ಕಳಿಸುವುದು ಯಾವ ಭಕ್ತಿ ತಮ್ಮಾ? ಚಾಲೀಸಾ ಹೇಳು. ಮನೆಯಲ್ಲಿ ಕೂತು ಹೇಳು. ನಾನೂ ಹೇಳುತ್ತೇನೆ.

ಎಣ್ಮಕಜೆ ತಾಯಿ

ನಾನು ಇಂಥ ಕಡೆ ಬರೆಯುವವಳಲ್ಲ. ಓದುತ್ತಾ ಓದುತ್ತಾ ಸುಮ್ನೆ ಇರಲು ಆಗಲಿಲ್ಲ.

ನಮ್ಮ ಮನೆ ಗೇರು ತೋಟದ ಬುಡದಲ್ಲಿ. ನನ್ನ ಮಗನಿಗೆ ಹತ್ತೊಂಬತ್ತು. ತಲೆ ದೊಡ್ಡದು, ಕಾಲು ನಿಲ್ಲುವುದಿಲ್ಲ, ಮಾತಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದೆ. ಅವನಿಗೆ ಸದ್ದು ಆಗುವುದಿಲ್ಲ. ಕುಕ್ಕರ್ ಸೀಟಿಗೂ ಬೆಚ್ಚುತ್ತಾನೆ, ಅದಕ್ಕೆ ನಾನು ಪಾತ್ರೆಯಲ್ಲೇ ಅನ್ನ ಬೇಯಿಸುತ್ತೇನೆ. ಜಾತ್ರೆಯಲ್ಲಿ ಸಿಡಿಸುವ ಬೆಡಿ, ಕದಿನ ಶುರುವಾದರೆ ಫಿಟ್ಸ್. ಮೊದಲ ಕದಿನ ಬಿದ್ದ ಕೂಡಲೇ ಕೈ ಬೆರಳು ಒಳಕ್ಕೆ ಮಡಚಿಕೊಳ್ಳುತ್ತವೆ, ಹೆಬ್ಬೆರಳು ಮುಷ್ಟಿಯೊಳಗೆ ಹೋಗುತ್ತದೆ. ಆಗ ನನಗೆ ಗೊತ್ತಾಗುತ್ತದೆ, ಇನ್ನು ಐದು ನಿಮಿಷ ಅಂತ. ಅವನನ್ನು ಒಂದು ಬದಿಗೆ ಮಲಗಿಸಿ ಕಾಯುತ್ತೇನೆ. ಹೊರಗೆ ಜನ ಚಪ್ಪಾಳೆ ತಟ್ಟುತ್ತಿರುತ್ತಾರೆ.

ನಾನು ಸಣ್ಣವಳಿದ್ದಾಗ ಹೆಲಿಕಾಪ್ಟರ್ ಬರುತ್ತಿತ್ತು. ಸದ್ದು ಕೇಳಿದ ಕೂಡಲೇ ನಾವು ಮಕ್ಕಳು ಓಡಿ ಗುಡ್ಡೆ ಹತ್ತುತ್ತಿದ್ದೆವು, ಕೈ ಬೀಸುತ್ತಿದ್ದೆವು. ಮೇಲಿನಿಂದ ಮಂಜಿನ ಹಾಗೆ ಬೀಳುತ್ತಿತ್ತು, ಬಾವಿಗೆ, ತೋಡಿಗೆ, ಒಣ ಹಾಕಿದ ಬಟ್ಟೆಗೆ. 2000ದವರೆಗೂ ಗೇರು ತೋಟಕ್ಕೆ ಆ ಎಂಡೋಸಲ್ಫಾನ್ ಸಿಂಪಡಿಸಿದರು. ಆವತ್ತೂ ಕೆಳಗೆ ಯಾರಿದ್ದಾರೆ ಅಂತ ಯಾರೂ ಕೇಳಲಿಲ್ಲ. ಪರಿಹಾರಕ್ಕೆ 2017ರಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳೊಳಗೆ ಐದು ಲಕ್ಷ ಕೊಡಿ ಎಂದಿತು. ಕೈಗೆ ಬರುವಷ್ಟರಲ್ಲಿ ವರ್ಷಗಳು ಹೋದವು.

2024ರ ಅಕ್ಟೋಬರಿನಲ್ಲಿ ನೀಲೇಶ್ವರದಲ್ಲಿ ತೆಯ್ಯಂ ನೋಡುತ್ತಿದ್ದವರ ಪಕ್ಕದಲ್ಲೇ ಪಟಾಕಿ ಇಟ್ಟ ಕೋಣೆ ಹೊತ್ತಿ 150ಕ್ಕೂ ಜಾಸ್ತಿ ಜನಕ್ಕೆ ಸುಟ್ಟಿತು. ಆಮೇಲೆ ಒಂದು ತಿಂಗಳು ಎಲ್ಲ ಕಡೆ ಬೆಡಿ ಕಡಿಮೆ ಇತ್ತು. ಆ ತಿಂಗಳು ನನ್ನ ಮಗನಿಗೆ ಒಂದೂ ಫಿಟ್ಸ್ ಬರಲಿಲ್ಲ. ಜನ ಸುಟ್ಟುಕೊಂಡಿದ್ದಕ್ಕೆ ನನಗೆ ನೆಮ್ಮದಿ ಸಿಕ್ಕಿತಲ್ಲ ಅಂತ ದೇವರ ಮುಂದೆ ಕೂತು ಅತ್ತಿದ್ದೇನೆ.

ನನಗೆ ದೇವರ ಮೇಲೆ ಸಿಟ್ಟಿಲ್ಲ. ನಾನು ಕೋಲಕ್ಕೆ ಹೋಗುತ್ತೇನೆ, ಒಬ್ಬರು ಮಗನ ಹತ್ತಿರ ಕೂತರೆ. ದೈವ ನುಡಿ ಕೊಡುವಾಗ "ನಿನ್ನ ಬೆನ್ನ ಹಿಂದೆ ನಾನಿದ್ದೇನೆ" ಎನ್ನುತ್ತದೆ. ಅದನ್ನು ನನ್ನ ಹತ್ತಿರ ಬಂದು, ಕೈ ಹಿಡಿದು, ಮೆಲ್ಲಗೆ ಹೇಳುತ್ತದೆ. ನನಗೆ ಸರಿಯಾಗಿ ಕೇಳುತ್ತದೆ.

ಸೀಮೆಯವ

ಅಕ್ಕಾ, ನಿಮ್ಮ ಊರಿನ ಕಮಿಟಿಗೆ ಹೇಳಿದ್ದೀರಾ? ಬೆಡಿಯ ಸಮಯ ಮೊದಲೇ ತಿಳಿಸಿದರೆ ಏನಾದರೂ ಉಪಯೋಗ ಆಗುತ್ತದಾ?

ಎಣ್ಮಕಜೆ ತಾಯಿ

ಆಗುತ್ತದೆ ಅಣ್ಣ. ಅರ್ಧ ಗಂಟೆ ಮೊದಲು ಗೊತ್ತಾದರೆ ಸ್ಕೂಟರಿನಲ್ಲಿ ತಂಗಿ ಮನೆಗೆ ಹೋಗುತ್ತೇವೆ. ಹೇಳಿಲ್ಲ. ದೇವರ ಕೆಲಸಕ್ಕೆ ಅಡ್ಡ ಬಂದಳು ಅನ್ನುತ್ತಾರೆ ಅಂತ ಹೆದರಿಕೆ.

ಮೈಕಾಸುರ

ಎರಡು ದಿನದಿಂದ ಓದುತ್ತಿದ್ದೇನೆ. ಅಪರಾಧಿ ನಾನೇ. ಸೌಂಡ್ಸ್ ಅಂಗಡಿ ನನ್ನದು. ಉರೂಸಿಗೂ ನಾನೇ, ಬ್ರಹ್ಮಕಲಶಕ್ಕೂ ನಾನೇ, ಇಗರ್ಜಿಯ ಫೆಸ್ತಿಗೂ ನಾನೇ. ಎಲೆಕ್ಷನ್ನಿಗೆ ಮೂರೂ ಪಕ್ಷದ ಜೀಪಿಗೂ ನಾನೇ. ಅದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ ನೋಡಿ.

ಒಳಗಿನ ಗುಟ್ಟು ಹೇಳುತ್ತೇನೆ. ಬುಕಿಂಗಿಗೆ ಬರುವ ಕಮಿಟಿಯವರು ಕೇಳುವ ಮೊದಲ ಪ್ರಶ್ನೆ "ಎಲ್ಲಿವರೆಗೆ ಕೇಳುತ್ತದೆ?" ಅಂತ. ಅಂಗಳದಲ್ಲಿ ಕೂತವರಿಗೆ ಸ್ಪಷ್ಟ ಕೇಳುತ್ತದಾ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೊಳವೆ ಮೈಕು ಇರುವುದೇ ದೂರಕ್ಕೆ ಎಸೆಯಲು. ಮಾತಿನ ನಡುವಿನ ಸ್ವರವನ್ನು ಒಟ್ಟು ಮಾಡಿ ಒಂದೇ ದಿಕ್ಕಿಗೆ ಬಿಡುತ್ತದೆ. ಮರದ ತುದಿಗೆ ಕಟ್ಟಿದರೆ ಕೆಳಗೆ ನಿಂತವನಿಗಿಂತ ಅರ್ಧ ಕಿಲೋಮೀಟರ್ ಆಚೆ ಮಂಚದಲ್ಲಿ ಮಲಗಿದವನಿಗೆ ಚೆನ್ನಾಗಿ ಕೇಳುತ್ತದೆ. ಮೇಷ್ಟ್ರ ಅಮ್ಮನ ಕಿವಿಗೆ ನೇರ ಹೋಗಿದ್ದು ಅದೇ.

ಬಯಲಿನಲ್ಲಿ ದೂರ ದುಪ್ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅದಕ್ಕೆ ದೂರದವರಿಗೂ ಕೇಳಿಸಬೇಕು ಅಂತ ಒಂದೇ ಕಡೆಯಿಂದ ಕಿರುಚಿಸುವ ಬದಲು ಚಿಕ್ಕ ಬಾಕ್ಸ್ ಎಂಟು ಹತ್ತು, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಬಾಯಿ ಅಂಗಳದ ಒಳಗೆ ಮಾಡಿ ಇಟ್ಟರೆ ಜನರಿಗೂ ಸ್ಪಷ್ಟ, ಬೇಲಿಯ ಆಚೆಯೂ ಶಾಂತ. ಬಾಡಿಗೆ ಸ್ವಲ್ಪ ಜಾಸ್ತಿ ಆಗುತ್ತದೆ, ವಯರು ಜಾಸ್ತಿ, ಹುಡುಗರ ಕೆಲಸ ಜಾಸ್ತಿ. ಆಟಕ್ಕೂ ಆಗುತ್ತದೆ ಚೌಕಿಯವರೇ. ಚೆಂಡೆಗೆ ನಾನು ಮೈಕೇ ಇಡುವುದಿಲ್ಲ ಎಂದರೂ ಕಲಾವಿದರು ಕೇಳಬೇಕಲ್ಲ.

ಇದನ್ನು ನಾನು ಹಿಂದೆ ಎರಡು ಕಡೆ ಹೇಳಿದ್ದೆ. ಒಂದು ಕಡೆ "ಹಾಗಾದರೆ ಮಸೀದಿಯವರು ನಮ್ಮದು ಸಣ್ಣ ಜಾತ್ರೆ ಅಂದುಕೊಳ್ಳುವುದಿಲ್ವಾ" ಎಂದರು. ಇನ್ನೊಂದು ಕಡೆ ಅದೇ ವಾಕ್ಯ, ಮಸೀದಿ ಬದಲು ದೇವಸ್ಥಾನ.

ಬೇಳದ ಕೊಂಕಣಿ

ಆ ಕೊನೆಯ ಸಾಲು 🙏

ಚೌಕಿ ಬಾಗಿಲು

ಉದ್ಯಾವರ 'ಮಾಡ'ದ (ದೈವಸ್ಥಾನದ) ಕ್ರಮ ಗೊತ್ತಲ್ಲ ನಿಮಗೆ. ಮಂಜೇಶ್ವರದ ಹತ್ತಿರ. ಅರಸು ಮಂಜಿಷ್ಣಾರ್ ದೈವಗಳ ಜಾತ್ರೆಗೆ ಮೊದಲು ದೈವದ ಕಡೆಯವರು ಶುಕ್ರವಾರ ಸಾವಿರ ಜಮಾಅತ್ ಮಸೀದಿಗೆ ಹೋಗಿ ಹೇಳಿಕೆ ಕೊಟ್ಟು ಬರುತ್ತಾರೆ, ಜಾತ್ರೆಗೆ ಬನ್ನಿ ಅಂತ. ಕಾಲದಿಂದ ಬಂದದ್ದು. ನಮ್ಮ ಆರಿಕ್ಕಾಡಿಯಲ್ಲಿ ಆಲಿ ಅಂತ ಮುಸ್ಲಿಂ ಮೂಲದ ದೈವವೇ ಇದೆ, ಟೋಪಿಯವರೂ ಕೈಮುಗಿಯಲು ಬರುತ್ತಾರೆ. ಮೈಕಿಲ್ಲದ ಕಾಲದಲ್ಲಿ ಹೇಳಿಕೆ ಕೊಡಲು ನಡೆದು ಹೋಗಬೇಕಿತ್ತು. ಈಗ ಮರದ ಮೇಲಿಂದ ಕೂಗಿದರೆ ಸಾಕು ಅಂದುಕೊಂಡಿದ್ದೇವೆ.

ಸೀಮೆಯವ

ಅದನ್ನು ಎಲ್ಲದಕ್ಕೂ ಉದಾಹರಣೆ ಕೊಡಬೇಡಿ. ಅಲ್ಲಿ ನಡೆಯುತ್ತದೆ, ಎಲ್ಲ ಕಡೆ ನಡೆಯುವುದಿಲ್ಲ. ಸೌಹಾರ್ದದ ಫೋಟೊ ಹಾಕಿ ಮರುದಿನ ಮತ್ತೆ ಅದೇ ಕತೆ ಆಗುವುದನ್ನೂ ನೋಡಿದ್ದೇನೆ. ಬಾಕ್ಸಿನ ವಿಷಯ ಮಾತ್ರ ಒಪ್ಪಿದೆ. ನಮ್ಮ ಮಂದಿರದ ಒಂದು ದಿನದ ಏಕಾಹ ಭಜನೆಗೆ ಹಾಗೇ ಇಡಿಸುತ್ತೇನೆ. ಬೆಳಗಿನ ಜಾವದ ಸುಬಹ್ ಬಾಂಗಿನ ಬಗ್ಗೆ ನನ್ನ ತಕರಾರು ಹಾಗೇ ಇದೆ.

ಉಪ್ಪಳ ಗೇಟು

ಇರಲಿ. ಇಟ್ಟುಕೊಳ್ಳಿ.

ಗಡಿನಾಡ ಮೇಷ್ಟ್ರು

ನಾಲ್ಕು ದಿನ ಈ ಕಡೆ ಬರಲಿಲ್ಲ. ಬ್ರಹ್ಮಕಲಶ ಮುಗಿಯಿತು.

ನಿನ್ನೆ ಸಂಜೆ ಆಚೆ ಮನೆಗೆ ಹೋದೆ. ಕೈಯಲ್ಲಿ ಏನಾದರೂ ಇರಲಿ ಅಂತ ಪ್ರಸಾದದ ಬಾಳೆಹಣ್ಣು ತೆಗೆದುಕೊಂಡಿದ್ದೆ. ಬಾಗಿಲಲ್ಲಿ ಏನು ಹೇಳುವುದು ಅಂತ ದಾರಿಯಲ್ಲಿ ಮೂರು ಸಲ ಅಭ್ಯಾಸ ಮಾಡಿದ್ದೆ, ಎಲ್ಲ ಮರೆತುಹೋಯಿತು. ಅವರೇ ಚಾ ಕೊಟ್ಟರು. ಕೆಮಿಸ್ಟ್ರಿ ಹೇಗಾಯಿತು ಎಂದೆ. "ಒಂದು ಪ್ರಶ್ನೆ ಬಿಟ್ಟಳಂತೆ" ಎಂದರು. ಮಗಳು ಒಳಗಿನಿಂದ "ಎರಡು" ಎಂದಳು. ನಾನು ದೂರಿನ ವಿಷಯ ಎತ್ತಿದೆ. ಅವರು ನಕ್ಕುಬಿಟ್ಟರು. ಆ ದೂರು ಸ್ಟೇಷನ್ನಿನಲ್ಲಿ ಯಾರಿಗೂ ಪೂರ್ತಿ ಅರ್ಥ ಆಗಿರಲಿಲ್ಲವಂತೆ, ನನ್ನ ಕನ್ನಡ ಅಷ್ಟು ಗಟ್ಟಿ. ಅದನ್ನು ಓದಿ ಮಲೆಯಾಳದಲ್ಲಿ ವಿವರಿಸಿದ್ದು ಇವರೇ! ತಮ್ಮ ಮೇಲಿನ ದೂರನ್ನು ತಾವೇ.

ಭಾನುವಾರ ಶಾಲೆಯಲ್ಲಿ ಎಲ್ಲ ಕಮಿಟಿಯಿಂದ ಇಬ್ಬಿಬ್ಬರು ಕೂರುತ್ತೇವೆ. ಒಂದು ಕ್ಯಾಲೆಂಡರ್ ಮಾಡಬೇಕು ಅಂತ ಇದೆ, ಯಾರದ್ದು ಯಾವ ದಿನ, ಎಷ್ಟು ಗಂಟೆವರೆಗೆ. ಪರೀಕ್ಷೆಯ ದಿನ ಕೆಂಪು ಇಂಕಿನಲ್ಲಿ. ಬೆಡಿಯ ಸಮಯ ಹಿಂದಿನ ದಿನವೇ ವಾಟ್ಸಾಪಿಗೆ. ಎಣ್ಮಕಜೆಯ ಅಮ್ಮ, ನಿಮ್ಮ ಊರಿನ ಕಮಿಟಿಗೆ ನಾನು ಬೇಕಾದರೆ ಒಂದು ಕಾಗದ ಬರೆದುಕೊಡುತ್ತೇನೆ. ಈ ಸಲ ಸುಲಭ ಕನ್ನಡದಲ್ಲಿ. ಇಡೀ ರಾತ್ರಿಯ ಆಟದ ವಿಷಯ ತೀರ್ಮಾನ ಆಗುವುದು ಕಷ್ಟ, ನಮ್ಮ ಕಮಿಟಿಯಲ್ಲೇ ಎರಡು ಪಂಗಡ.

ಕೊಳವೆ ಮೈಕು ಇನ್ನೂ ಮರದ ಮೇಲೇ ಇದೆ. ಅಮ್ಮ ಕಿಟಕಿಯಿಂದ ಅದನ್ನೇ ನೋಡುತ್ತಾ ಮಲಗಿರುತ್ತಾರೆ. ಇವತ್ತು ಬೆಳಿಗ್ಗೆ ಅದರೊಳಗೆ ಒಂದು ಮೈನಾ ಹೋಗಿ ಬಂದು ಮಾಡುತ್ತಿತ್ತಂತೆ. ಮೈಕಾಸುರರೇ, ಯಾವಾಗ ಇಳಿಸುತ್ತೀರಿ?

ಮೈಕಾಸುರ

ಮರ ಹತ್ತುವ ಹುಡುಗನಿಗೆ ಜ್ವರ ಮೇಷ್ಟ್ರೇ. ಗುರುವಾರ ಕಳಿಸುತ್ತೇನೆ. ಮೊಟ್ಟೆ ಇಟ್ಟಿದ್ದರೆ ಹೇಳಿ, ಆ ಕೊಳವೆ ಸದ್ಯಕ್ಕೆ ಅಲ್ಲೇ ಇರಲಿ, ಇನ್ನೊಂದನ್ನು ಮಾತ್ರ ಇಳಿಸಿಕೊಂಡು ಹೋಗಲು ಹೇಳುತ್ತೇನೆ. ಬಾಡಿಗೆ ಎಂಟು ದಿನದ್ದೇ ಹಾಕುತ್ತೇನೆ.